ಗೇಟಿನ ಹೊರಗೆ ಉಳಿದ ಕೂಸುಗಳು

ದುಡಿಯುವ ತಾಯಿಯ ಮಗುವನ್ನು ಯಾರು ನೋಡಿಕೊಳ್ಳಬೇಕು? 1948ರ ಕಾರ್ಖಾನೆಗಳ ಕಾಯ್ದೆ ಇದಕ್ಕೊಂದು ಉತ್ತರ ಕೊಟ್ಟಿತ್ತು. 50ಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕು ಎಂದಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. ಹುಬ್ಬಳ್ಳಿಯ ಹತ್ತಿ ಗಿರಣಿ, ರೈಲ್ವೆ ಕಾರ್ಯಾಗಾರಗಳ ಕಾಲದ ಆಲೋಚನೆ ಅದು. ಪಾಳಿ ಯಾವಾಗ ಮುಗಿಯುತ್ತದೆ ಎಂಬುದು ಮನೆಮಂದಿಗೆಲ್ಲ ಗೊತ್ತಿರುತ್ತಿತ್ತು.

ದುಡಿಮೆ ಕಾರ್ಖಾನೆಯ ಗೇಟು ದಾಟಿತು, ಕಾನೂನು ದಾಟಲಿಲ್ಲ. ಬ್ಯಾಡಗಿಯ ಮಾರುಕಟ್ಟೆಯನ್ನೇ ನೋಡಿ. ಸುಗ್ಗಿಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಬರುತ್ತಾರೆ. ಕೂಲಿ ತೂಕದ ಲೆಕ್ಕದಲ್ಲಿ. ಇಂದು ಈ ಅಂಗಡಿ, ನಾಳೆ ಇನ್ನೊಂದು. ಹಾಜರಿ ಪುಸ್ತಕವಿಲ್ಲ, ಆದ್ದರಿಂದ ಮಾಲೀಕನೆಂದು ಬೊಟ್ಟು ಮಾಡಿ ತೋರಿಸಲು ಯಾರೂ ಇಲ್ಲ. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರ ಕಡಿಮೆಯೇ. ಆದರೂ ದಿನವಿಡೀ ಬಿಡಿಸಿದ ಕೈ ಉರಿಯುತ್ತದೆ, ಘಾಟಿಗೆ ಕೆಮ್ಮು ಬರುತ್ತದೆ. ಆ ಕೈಯಿಂದ ಹಸುಗೂಸನ್ನು ಎತ್ತಿಕೊಳ್ಳುವುದು ಹೇಗೆ? ಮಗುವಿಗೆ ಹಾಲೂಡಿಸಲು ಎದ್ದರೆ ಅಷ್ಟು ಹೊತ್ತಿನ ಕೂಲಿಯೂ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಇದರ ಭಾರ ಹೊರುವವರು ಅಜ್ಜಿ, ಇಲ್ಲವೇ ಶಾಲೆ ಬಿಟ್ಟ ಅಕ್ಕ. ನನಗೆ ಹೆಚ್ಚು ಸಂಕಟ ತರುವುದು ಆ ಅಕ್ಕನ ಪಾಡು.

ಆಮೇಲೆ ಬಂದ ಕಾನೂನುಗಳು ಅಲ್ಲಲ್ಲಿ ತೇಪೆ ಹಾಕಿದವು. 2005ರ ಉದ್ಯೋಗ ಖಾತರಿ ಕಾಯ್ದೆ ಕೆಲಸದ ಜಾಗದಲ್ಲಿ ಐದು ಮಕ್ಕಳಿದ್ದರೂ ಸಾಕು, ನೋಡಿಕೊಳ್ಳಲು ಒಬ್ಬಾಕೆಯನ್ನು ನೇಮಿಸಬೇಕೆಂದಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 26 ವಾರಗಳ ರಜೆ ಕೊಟ್ಟಿತು, 50 ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. ರಾಜ್ಯದ 'ಕೂಸಿನ ಮನೆ' ನಿಜಕ್ಕೂ ಒಳ್ಳೆಯ ಶಿಶುಪಾಲನಾ ಯೋಜನೆ. ಆದರೆ ಅದು ಗ್ರಾಮ ಪಂಚಾಯಿತಿಗಳಿಗೆ, ಬ್ಯಾಡಗಿಯದು ಪುರಸಭೆ.

ಈಗ ತಂದೆಯರ ಸರದಿಯೂ ಬಂದಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಮೊಬೈಲ್ ಆ್ಯಪ್ ನಂಬಿ ಊಟ ತಲುಪಿಸುವವರಿಗೆ ಹೆಚ್ಚು ಆರ್ಡರ್ ಬರುವುದು ರಾತ್ರಿ ಊಟದ ಹೊತ್ತಿಗೆ, ಅಂದರೆ ಮಕ್ಕಳು ಮನೆಯಲ್ಲಿರುವ ಹೊತ್ತಿಗೆ. 2025ರಲ್ಲಿ ಕರ್ನಾಟಕ ಇವರಿಗಾಗಿ ಕಾಯ್ದೆ ತಂದು, ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ದಾರಿ ಮಾಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯಂತೂ ಇಂಥ ಕಾರ್ಮಿಕರಿಗೆ ರೂಪಿಸಬಹುದಾದ ಯೋಜನೆಗಳ ಪಟ್ಟಿಯಲ್ಲಿ ಶಿಶುಪಾಲನಾ ಕೇಂದ್ರವನ್ನೂ ಹೆಸರಿಸಿದೆ. 'ರೂಪಿಸಬಹುದು' ಎಂಬಷ್ಟಕ್ಕೇ ಅದು ನಿಲ್ಲಬಾರದು. ಆ್ಯಪ್ ಕಾರ್ಮಿಕರಿಗಷ್ಟೇ ಅಲ್ಲ, ಮೆಣಸಿನಕಾಯಿ ಬಿಡಿಸುವ ಹೆಂಗಸರಿಗೂ ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣದಲ್ಲೇ ಒಂದು ಕೇಂದ್ರ ತೆರೆಯಬೇಕು. ಸುಗ್ಗಿಯ ತಿಂಗಳುಗಳಲ್ಲಿ, ತುಂಬು ಬಿಡಿಸುವ ಕೊನೆಯ ತಾಯಿ ಏಳುವವರೆಗೂ ಅದರ ಬಾಗಿಲು ತೆರೆದಿರಬೇಕು.