ಗುಂಡಿ ಕೊರೆದ ಊರು, ಬರಿದಾದ ನದಿ

ಅಮೆರಿಕದ ಅಯೋವಾ ರಾಜ್ಯದ ಪೂರ್ವ ಅಂಚಿನಲ್ಲಿ, ಪಶ್ಚಿಮಕ್ಕೆ ಹರಿಯುತ್ತಿದ್ದ ಮಿಸಿಸಿಪ್ಪಿ ನದಿ ಒಮ್ಮೆಗೇ ದಕ್ಷಿಣಕ್ಕೆ ಹೊರಳುವ ಮೂಲೆಯಲ್ಲಿ ಮಸ್ಕಟೀನ್ ಎಂಬ ಊರಿದೆ. ಈಗಿನ ಜನಸಂಖ್ಯೆ 24 ಸಾವಿರದ ಆಸುಪಾಸು. 1900ರಲ್ಲಿ 14 ಸಾವಿರ. ಇಷ್ಟು ಸಣ್ಣ ಊರು 1905ರ ಹೊತ್ತಿಗೆ ವರ್ಷಕ್ಕೆ 150 ಕೋಟಿ ಅಂಗಿ ಗುಂಡಿಗಳನ್ನು ಮಾಡಿ ಕಳಿಸುತ್ತಿತ್ತು. ಜಗತ್ತಿನ ಗುಂಡಿಗಳಲ್ಲಿ ಶೇ 37ರಷ್ಟು ಇಲ್ಲಿಯವೇ ಎಂಬ ಲೆಕ್ಕವನ್ನು ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆ ಗುಂಡಿಗಳಿಗೆ ಬೇಕಾದ ಕಚ್ಚಾ ಮಾಲು ನದಿಯ ತಳದಲ್ಲೇ ಬಿದ್ದಿತ್ತು: ಸಿಹಿನೀರಿನ ಕಪ್ಪೆಚಿಪ್ಪು.

‘ಪ್ಲಾಸ್ಟಿಕ್ ಬಂತು, ಚಿಪ್ಪಿನ ಗುಂಡಿ ಹೋಯಿತು’ ಎಂದು ಈ ಕಥೆಯನ್ನು ಒಂದೇ ಸಾಲಿನಲ್ಲಿ ಮುಗಿಸುವವರುಂಟು. ಅದರಲ್ಲಿ ಅರ್ಧ ಮಾತ್ರ ನಿಜ. ಪ್ಲಾಸ್ಟಿಕ್ ಕಾಲಿಡುವುದಕ್ಕೆ ದಶಕಗಳ ಮೊದಲೇ ಊರಿನ ಎದುರಿನ ನದಿ ಬರಿದಾಗತೊಡಗಿ, ಕಾರ್ಖಾನೆಗಳು ಬೇರೆ ನದಿಗಳಿಂದ ಚಿಪ್ಪು ತರಿಸಿಕೊಳ್ಳುತ್ತಿದ್ದವು. ಅದನ್ನು ತಡೆಯಲು ಸರ್ಕಾರವೇ ವಿಜ್ಞಾನಿಗಳನ್ನು ಕೂರಿಸಿತು, ಅವರು ಕೆಲಸವನ್ನೂ ಮಾಡಿದರು. ಆದರೂ ನದಿ ಚೇತರಿಸಿಕೊಳ್ಳಲಿಲ್ಲ. ಏಕೆ ಎಂಬುದಕ್ಕೆ ಉತ್ತರ ಚಿಪ್ಪಿನ ಬದುಕಿನಲ್ಲಿದೆ, ಜೊತೆಗೆ 145 ಕಿಲೋಮೀಟರ್ ಕೆಳಗಿನ ಒಂದು ಅಣೆಕಟ್ಟಿನಲ್ಲಿದೆ.

ಗುಂಡಿಗಿಂತ ಮೊದಲು ಮಸ್ಕಟೀನ್ ಮರದ ಊರು. ಉತ್ತರದ ವಿಸ್ಕಾನ್ಸಿನ್, ಮಿನೆಸೋಟಗಳ ಪೈನ್ ದಿಮ್ಮಿಗಳು ತೆಪ್ಪಗಳಾಗಿ ತೇಲಿ ಬರುತ್ತಿದ್ದವು, ಹರ್ಷಿ ಮತ್ತು ಮಸರ್ ಮನೆತನಗಳ ಮಿಲ್ಲುಗಳು ಅವನ್ನು ಸೀಳುತ್ತಿದ್ದವು. ಊರಿನ ದಕ್ಷಿಣದ ಕಾರ್ಮಿಕ ಬಡಾವಣೆಗೆ ಮಸರ್‌ವಿಲ್ ಎಂದೇ ಹೆಸರು. ಉತ್ತರದ ಕಾಡು ಕರಗಿದಂತೆ ಮಿಲ್ಲುಗಳೂ ಸೊರಗಿದವು. ಒಂದು ಸಂಪತ್ತು ಮುಗಿಯುವುದನ್ನು ಕಂಡ ಊರೇ ಇನ್ನೊಂದನ್ನು ಅದೇ ರೀತಿ ಬಗೆಯಲು ಹೊರಟಿದ್ದು ವಿಚಿತ್ರ. ಆದರೆ ಕೆಲಸ ಕಳೆದುಕೊಂಡ ಕೈಗಳಿಗೆ ಯೋಚಿಸುವಷ್ಟು ಪುರಸೊತ್ತು ಇರಲಿಲ್ಲ.

ಜಾನ್ ಬೆಪ್ಲ್ ಜರ್ಮನಿಯ ಹ್ಯಾಂಬರ್ಗ್ ಬಳಿಯ ಒಟ್ಟೆನ್ಸೆನ್‌ನ ಗುಂಡಿ ಕಸುಬುದಾರ. ಕೊಂಬು, ಮೂಳೆ, ಕಡಲ ಚಿಪ್ಪುಗಳಲ್ಲಿ ಪಳಗಿದ ಕೈ. 1887ರಲ್ಲಿ ಅಮೆರಿಕಕ್ಕೆ ಬಂದು, ಗುಂಡಿಗೆ ಹೊಂದುವ ಸಿಹಿನೀರಿನ ಚಿಪ್ಪು ಎಲ್ಲಿದೆ ಎಂದು ನದಿಯಿಂದ ನದಿಗೆ ಹುಡುಕಿದ. ಆಗ ಚಿಪ್ಪಿನ ಗುಂಡಿ ಯುರೋಪಿನಿಂದ ಅಗ್ಗದಲ್ಲಿ ಬರುತ್ತಿದ್ದುದರಿಂದ ಅಮೆರಿಕದಲ್ಲಿ ಮಾಡಿದರೆ ಗಿಟ್ಟುತ್ತಿರಲಿಲ್ಲ. 1890ರ ಮೆಕಿನ್ಲಿ ಸುಂಕ ಕಾಯ್ದೆ ಆಮದು ಗುಂಡಿಯ ಮೇಲೆ ಭಾರಿ ತೆರಿಗೆ ಹೇರಿತು. ಮರುವರ್ಷವೇ, 1891ರಲ್ಲಿ, ಬೆಪ್ಲ್ ಮಸ್ಕಟೀನ್‌ನಲ್ಲಿ ಕಾಲಲ್ಲಿ ತುಳಿದು ತಿರುಗಿಸುವ ಲೇತ್ ಹೂಡಿದ. ಅವನು ಗುಟ್ಟು ಕಾಪಾಡಿಕೊಳ್ಳಲು ನೋಡಿದರೂ ಲಾಭ ಕಂಡವರು ಸುಮ್ಮನಿರಲಿಲ್ಲ. ಹತ್ತು ವರ್ಷದೊಳಗೆ ನದಿಯುದ್ದಕ್ಕೂ ಕಾರ್ಖಾನೆಗಳೆದ್ದವು.

ಚಿಪ್ಪು ಹಿಡಿಯುವ ವಿಧಾನ ಸರಳ, ಅಷ್ಟೇ ನಿರ್ದಯ. ಕಪ್ಪೆಚಿಪ್ಪು ನದಿತಳದ ಜಲ್ಲಿಯಲ್ಲಿ ಅರೆ ಹೂತುಕೊಂಡು, ಬಾಯಿ ತುಸು ತೆರೆದು ನೀರು ಸೋಸುತ್ತಿರುತ್ತದೆ. ಏನಾದರೂ ತಗುಲಿದರೆ ಥಟ್ಟನೆ ಮುಚ್ಚಿಕೊಳ್ಳುತ್ತದೆ. ಹಿಡಿಯುವವರು ಬಳಸಿಕೊಂಡಿದ್ದು ಇದನ್ನೇ. ಚಪ್ಪಟೆ ತಳದ ದೋಣಿಯಿಂದ ಉದ್ದನೆಯ ಕಬ್ಬಿಣದ ಕೊಳವೆಯೊಂದನ್ನು ಅಡ್ಡಡ್ಡಲಾಗಿ ತಳಕ್ಕಿಳಿಸುತ್ತಿದ್ದರು. ಅದರಿಂದ ಸಾಲಾಗಿ ಹಗ್ಗಗಳು, ಪ್ರತಿ ಹಗ್ಗಕ್ಕೂ ದಪ್ಪ ತಂತಿಯ ನಾಲ್ಕು ಕವಲಿನ ಕೊಕ್ಕೆಗಳು. ದೋಣಿಯ ಹಿಂದೆ ನೀರಿನೊಳಗೆ ಹಾಯಿಯಂತೆ ನಿಲ್ಲಿಸಿದ ಒಂದು ಹಲಗೆ ಪ್ರವಾಹದ ತಳ್ಳುವಿಕೆಯನ್ನು ಹಿಡಿದು ದೋಣಿಯನ್ನು ಎಳೆಯುತ್ತಿತ್ತು; ಹುಟ್ಟು ಹಾಕುವ ಕೆಲಸವಿಲ್ಲ. ಕೊಕ್ಕೆ ಬಾಯಿಗೆ ಹೊಕ್ಕ ಚಿಪ್ಪು ತಾನೇ ಕಚ್ಚಿಕೊಂಡು ಮೇಲೆ ಬರುತ್ತಿತ್ತು. ಒಂದು ಕೊಳವೆ ಎತ್ತಿ ಬಿಡಿಸುವಾಗ ಇನ್ನೊಂದು ನೀರಿನಲ್ಲಿರುತ್ತಿತ್ತು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದಾಗ ಮಂಜುಗಡ್ಡೆಗೆ ತೂತು ಕೊರೆದು ಉದ್ದ ಹಿಡಿಯ ಕುಂಟೆಯಿಂದ ಬಾಚುತ್ತಿದ್ದರು.

ಕೊಕ್ಕೆಗೆ ದೊಡ್ಡದು ಚಿಕ್ಕದು ಎಂಬ ಭೇದವಿಲ್ಲ. ಗುಂಡಿಗೆ ಬಾರದ ಎಳೆಯ ಚಿಪ್ಪುಗಳೂ ಬರುತ್ತಿದ್ದವು, ನೀರಿಗೆ ಮರಳಿದವು ಕೂಡ ಗಾಯಗೊಂಡಿರುತ್ತಿದ್ದವು. ನ್ಯೂ ಬಾಸ್ಟನ್ ಎಂಬ ಹತ್ತಿರದ ಊರಿನ ಎದುರಿನ ಒಂದೇ ಚಿಪ್ಪಿನ ಪಾತಳಿಯಿಂದ, ಉದ್ದ ಮೂರು ಕಿಲೋಮೀಟರಿನಷ್ಟು ಮಾತ್ರ, 1890ರ ದಶಕದ ಕೊನೆಯ ಮೂರು ವರ್ಷಗಳಲ್ಲಿ ಸುಮಾರು 10 ಸಾವಿರ ಟನ್, ಅಂದರೆ 10 ಕೋಟಿಯಷ್ಟು ಚಿಪ್ಪು ತೆಗೆದರೆಂದು ಅಂದಿನ ಅಂದಾಜು.

ದಂಡೆಗೆ ಬಂದ ಮಾಲನ್ನು ದೊಡ್ಡ ತೊಟ್ಟಿಗೆ ಸುರಿದು, ಸ್ವಲ್ಪ ನೀರು ಹಾಕಿ, ಗೋಣಿ ಮುಚ್ಚಿ, ಕೆಳಗೆ ಬೆಂಕಿಯಿಟ್ಟು ಹಬೆಯಲ್ಲಿ ಬೇಯಿಸುತ್ತಿದ್ದರು. ಬಾಯಿ ಬಿಟ್ಟ ಚಿಪ್ಪಿನಿಂದ ಮಾಂಸ ಬಿಡಿಸುವುದು ಹೆಚ್ಚಾಗಿ ಮನೆಯ ಹೆಂಗಸರು, ಮಕ್ಕಳ ಪಾಲಿನ ಕೆಲಸ. ಮಾಂಸವನ್ನು ಬೆರಳಲ್ಲಿ ಹಿಸುಕಿ ಮುತ್ತು ಹುಡುಕುತ್ತಿದ್ದರು. ಅಂಕುಡೊಂಕಿನ ಸಣ್ಣ ಮುತ್ತಿಗೂ ಬೆಲೆಯಿತ್ತು, ದುಂಡನೆಯದು ಸಿಕ್ಕರೆ ಆ ವರ್ಷದ ಅದೃಷ್ಟ. ಉಳಿದ ಮಾಂಸ ಹಂದಿಗಳಿಗೆ ಇಲ್ಲವೇ ನದಿಗೆ. ಬೇಸಿಗೆಯಲ್ಲಿ ನದಿದಂಡೆಯ ಡೇರೆಗಳ ಸುತ್ತ ಏಳುತ್ತಿದ್ದ ನಾತ ಎಂಥದ್ದೆಂದು ಊಹಿಸಿಕೊಳ್ಳಬಹುದು.

ಚಿಪ್ಪು ಕಾರ್ಖಾನೆಗೆ ಟನ್ನಿನ ಲೆಕ್ಕದಲ್ಲಿ ಮಾರಾಟ. ಎಲ್ಲ ಜಾತಿಯೂ ಬೇಡ: ಒಳಗೆ ನೇರಳೆ ಅಥವಾ ಗುಲಾಬಿ ಛಾಯೆ ಇದ್ದರೆ ಬಿಳಿ ಗುಂಡಿಗೆ ನಿರುಪಯೋಗಿ. ಎಲ್ಲಕ್ಕಿಂತ ಮೇಲು ಎಬೊನಿ. ಹೊರಗೆ ಕಪ್ಪು, ಒಳಗೆ ಒಂದೇ ಸಮನಾದ ಬಿಳುಪು, ದಪ್ಪವೂ ಸಮ. ಒಣಗಿದ ಚಿಪ್ಪು ಕೊರೆಯುವಾಗ ಸಿಡಿದು ಚೂರಾಗುವುದರಿಂದ ಮೊದಲು ಪೀಪಾಯಿಯ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಬೇಕು. ಆಮೇಲೆ ಕೊಳವೆಯಾಕಾರದ ಉಕ್ಕಿನ ಗರಗಸ. ತುದಿಯಲ್ಲಿ ಹಲ್ಲುಗಳಿರುವ ಈ ಕೊಳವೆ ರಭಸದಿಂದ ತಿರುಗುವಾಗ, ಇಕ್ಕುಳದಲ್ಲೋ ಕೈಯಲ್ಲೋ ಹಿಡಿದ ಚಿಪ್ಪನ್ನು ಅದಕ್ಕೆ ಒತ್ತಿದರೆ ದುಂಡನೆಯ ಬಿಲ್ಲೆ ಕಳಚುತ್ತದೆ. ಗರಗಸ ಕಾಯದಂತೆ, ದೂಳು ಏಳದಂತೆ ನೀರು ಚಿಮ್ಮುತ್ತಲೇ ಇರಬೇಕು. ಕಾಲ ಹರಿದಂತೆ ಹಲ್ಲು ಮೊಂಡಾಗಿ ಬಿಲ್ಲೆಯ ಅಂಚು ಸೀಳುತ್ತದೆ, ಆಗ ನಿಲ್ಲಿಸಿ ಅರದಿಂದ ತೀಡಬೇಕು. ಚಿಪ್ಪಿನ ಕೀಲಿನ ಬಳಿ ದಪ್ಪ, ಅಂಚಿನಲ್ಲಿ ತೆಳು. ಅಂಚಿನ ಬಿಲ್ಲೆ ಮುಂದಿನ ಹಂತದಲ್ಲಿ ಸವೆದು ನಿಲ್ಲುವುದಿಲ್ಲ.

ಲಟ್ಟಿಸಿದ ಹಿಟ್ಟಿನಿಂದ ಡಬ್ಬಿಯ ಮುಚ್ಚಳದಲ್ಲಿ ಪೂರಿ ಒತ್ತಿ ತೆಗೆದ ಹಾಗೆ ಈ ಕೆಲಸ, ಆದರೆ ಉಳಿದ ಹಿಟ್ಟನ್ನು ಮತ್ತೆ ನಾದಬಹುದು, ಚಿಪ್ಪನ್ನು ನಾದಲಾಗದು. ತೂಕದಲ್ಲಿ ಬಹುಪಾಲು ತ್ಯಾಜ್ಯವೇ. ತೂತು ತೂತಾದ ಆ ಚಿಪ್ಪು ರಸ್ತೆಗೆ, ತಗ್ಗು ತುಂಬಲು, ಪುಡಿಯಾಗಿ ಕೋಳಿಗಳ ಮೇವಿಗೆ ಹೋಯಿತು.

ಬಿಲ್ಲೆಯ ಅಡ್ಡಗಲವನ್ನು ‘ಲೈನ್’ ಎಂಬ ಅಳತೆಯಲ್ಲಿ ಹೇಳುತ್ತಾರೆ: 40 ಲೈನ್‌ಗೆ ಒಂದು ಇಂಚು. 24 ಲೈನ್ ಎಂದರೆ ಸುಮಾರು 15 ಮಿಲಿಮೀಟರ್, 16 ಲೈನ್ ಎಂದರೆ 10. ಬಿಲ್ಲೆಯ ಬೆನ್ನನ್ನು ಸಾಣೆಚಕ್ರಕ್ಕೆ ಒತ್ತಿ ಒಂದೇ ದಪ್ಪಕ್ಕೆ ತರಬೇಕು, ಮುಖದಲ್ಲಿ ತಗ್ಗು ಕೆತ್ತಬೇಕು, ಎರಡೋ ನಾಲ್ಕೋ ರಂಧ್ರ ಕೊರೆಯಬೇಕು. ಕೆತ್ತುವುದನ್ನೂ ಕೊರೆಯುವುದನ್ನೂ ಒಂದೇ ಯಂತ್ರಕ್ಕೆ ಸೇರಿಸಿದ್ದು ಮಸ್ಕಟೀನ್‌ನದೇ ಬ್ಯಾರಿ ಕಂಪನಿ. 1904ರ ಸುಮಾರಿಗೆ ಬಂದ ಆ ‘ಡಬಲ್ ಆಟೊಮ್ಯಾಟಿಕ್’ ಯಂತ್ರವೇ 150 ಕೋಟಿಯ ಲೆಕ್ಕವನ್ನು ಸಾಧ್ಯವಾಗಿಸಿದ್ದು. ಕೊನೆಗೆ ಉರುಳುವ ಪೀಪಾಯಿಯಲ್ಲಿ ಪ್ಯೂಮಿಸ್ ಪುಡಿ, ನೀರು, ಬಳಿಕ ಆಮ್ಲ ಹಾಕಿ ಹೊಳಪು ತರಿಸಿ, ತೊಳೆದು, ಒಣಗಿಸಿ, ಬಣ್ಣ ಮತ್ತು ದೋಷ ನೋಡಿ ದರ್ಜೆಗಳಾಗಿ ಬೇರ್ಪಡಿಸುವುದು. ಗುಂಡಿಗಳನ್ನು ರಟ್ಟಿನ ಕಾರ್ಡುಗಳಿಗೆ ಹೊಲಿಯುವ ಕೆಲಸ ಮನೆಮನೆಗೂ ಹೋಗುತ್ತಿತ್ತು. ತಾಯಿ ಮಕ್ಕಳು ರಾತ್ರಿ ಕೂತು ಹೊಲಿದ ಕಾರ್ಡುಗಳನ್ನು ಬೆಳಿಗ್ಗೆ ಹುಡುಗರು ಗಾಡಿಯಲ್ಲಿ ತಳ್ಳಿಕೊಂಡು ಹೋಗಿ ಒಪ್ಪಿಸುತ್ತಿದ್ದರು.

ಕೊರೆಯುವುದು ಗಂಡಸರ ಕೆಲಸ. ಯಂತ್ರಕ್ಕೆ ಬಿಲ್ಲೆ ಇಡುವುದು, ದರ್ಜೆ ಬೇರ್ಪಡಿಸುವುದು ಕಡಿಮೆ ಕೂಲಿಯ ಹೆಂಗಸರದು. ಗಾಳಿಯಲ್ಲಿ ಚಿಪ್ಪಿನ ದೂಳು, ಕಾಲ ಕೆಳಗೆ ನೀರು, ಹೊಳಪಿನ ಕೋಣೆಯಲ್ಲಿ ಆಮ್ಲ. ಚಿಪ್ಪಿನ ಗೀರು ಕೊಳೆಯತೊಡಗಿದರೆ ಪ್ರಾಣಕ್ಕೇ ಸಂಚಕಾರ. ಆದರೆ ಜಗಳ ಸಿಡಿದಿದ್ದು ಎಣಿಕೆಯ ಮೇಲೆ. ಕೊರೆಯುವವರ ಕೂಲಿ ಗ್ರೋಸ್ ಲೆಕ್ಕದಲ್ಲಿ. ಗ್ರೋಸ್ ಎಂದರೆ 12 ಡಜನ್, 144. ಕಾರ್ಖಾನೆಗಳು ದೋಷದ ಬಿಲ್ಲೆಗಳ ನೆಪ ಹೇಳಿ 14 ಡಜನ್, ಅಂದರೆ 168 ಕೊಟ್ಟರೆ ಮಾತ್ರ ಒಂದು ಗ್ರೋಸ್ ಎಂದು ಬರೆದುಕೊಳ್ಳುತ್ತಿದ್ದವು. ಪ್ರತಿ ಏಳು ಬಿಲ್ಲೆಯಲ್ಲಿ ಒಂದು ಪುಕ್ಕಟೆ ಎಂದಾಯಿತು. ಕಾರ್ಮಿಕರು ಸಂಘ ಕಟ್ಟಿದರು, 1911ರ ಫೆಬ್ರುವರಿಯಲ್ಲಿ ಕಾರ್ಖಾನೆಗಳು ಬಾಗಿಲು ಹಾಕಿದವು. ಬೀದಿ ಕಾಳಗಗಳಾದವು, ಏಪ್ರಿಲ್‌ನಲ್ಲಿ ಗವರ್ನರ್ ಬೆರಿಲ್ ಕ್ಯಾರಲ್ ರಾಜ್ಯದ ಸೇನಾಪಡೆಯನ್ನೇ ಕಳಿಸಿದರು. ಹದಿಹರೆಯದ ಪರ್ಲ್ ಮಕ್‌ಗಿಲ್ ಎಂಬ ಕಾರ್ಮಿಕ ಹುಡುಗಿ ಊರೂರು ಸುತ್ತಿ ಮುಷ್ಕರನಿರತರಿಗೆ ಹಣ ಕೂಡಿಸಿದಳು. ಜಗಳ 1912ಕ್ಕೂ ಎಳೆಯಿತು, ಸಂಘ ಸೋತಿತು. ಅಷ್ಟು ಹೊತ್ತಿಗೆ ಮಾಲೀಕರ ಕೈಯಲ್ಲಿ ಬೇರೊಂದು ಅಸ್ತ್ರವೂ ಇತ್ತು. ಚಿಪ್ಪಿರುವ ದೂರದ ನದಿಗಳ ದಂಡೆಯಲ್ಲೇ ಕೊರೆಯುವ ಘಟಕ ಹಾಕಿ, ಬರೀ ಬಿಲ್ಲೆಗಳನ್ನು ಮಸ್ಕಟೀನ್‌ಗೆ ತರಿಸುವುದು. ತ್ಯಾಜ್ಯ ಅಲ್ಲೇ ಉಳಿಯುವುದರಿಂದ ರೈಲಿನ ಸಾಗಣೆ ವೆಚ್ಚವೂ ಉಳಿತಾಯ.

ಚಿಪ್ಪು ಮುಗಿಯುತ್ತಿದೆ ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ. 1908ರಲ್ಲಿ ಅಮೆರಿಕದ ಸಂಸತ್ತು ಮಸ್ಕಟೀನ್ ಪಕ್ಕದ ಫೇರ್‌ಪೋರ್ಟ್‌ನಲ್ಲಿ ಜೀವಶಾಸ್ತ್ರ ಕೇಂದ್ರವೊಂದಕ್ಕೆ ಮಂಜೂರಾತಿ ಕೊಟ್ಟಿತು, ಕೃತಕವಾಗಿ ಚಿಪ್ಪು ಬೆಳೆಸುವುದೇ ಉದ್ದೇಶ. ಬೆಪ್ಲ್ ಕೂಡ ಚಿಪ್ಪಿನ ತಜ್ಞನಾಗಿ ಅಲ್ಲಿಗೆ ಸೇರಿದ. ಸಮೀಕ್ಷೆಯ ವೇಳೆ ಚಿಪ್ಪು ತುಳಿದು ಆದ ಗಾಯ ನಂಜೇರಿ 1912ರಲ್ಲಿ ತೀರಿಕೊಂಡ.

ಬೆಳೆಸುವುದು ಸುಲಭವಲ್ಲ. ಗಂಡು ಚಿಪ್ಪು ವೀರ್ಯವನ್ನು ನೀರಿಗೆ ಬಿಡುತ್ತದೆ, ಕೆಳಗಿನ ಹೆಣ್ಣು ಅದನ್ನು ನೀರಿನೊಂದಿಗೆ ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಚಿಪ್ಪುಗಳು ಒತ್ತೊತ್ತಾಗಿರಬೇಕು. ಪಾತಳಿಯ ಅರ್ಧ ತೆಗೆದರೆ ಉಳಿದ ಅರ್ಧದ ಸಂತಾನವೂ ಕುಸಿಯುತ್ತದೆ. ಹೆಣ್ಣಿನ ಕಿವಿರಿನಲ್ಲಿ ಬೆಳೆಯುವ ಲಕ್ಷಗಟ್ಟಲೆ ಮರಿಗಳು, ಗ್ಲೊಕಿಡಿಯಾ, ಹೊರಬಿದ್ದ ಕೂಡಲೇ ಮೀನೊಂದರ ಕಿವಿರನ್ನು ಕಚ್ಚಿ ಹಿಡಿಯಬೇಕು. ಅಲ್ಲಿ ಕೆಲವು ವಾರ ಪರಾವಲಂಬಿಯಾಗಿದ್ದು, ರೂಪಾಂತರ ಹೊಂದಿ ತಳಕ್ಕುದುರುತ್ತವೆ. ಮೀನು ಸಿಗದಿದ್ದರೆ ಸಾವು. ಜಾತಿ ತಪ್ಪಿದರೂ ಸಾವೇ, ಏಕೆಂದರೆ ಒಗ್ಗದ ಮೀನಿನ ದೇಹ ಅವನ್ನು ಕಳಚಿಹಾಕುತ್ತದೆ. ಮಕೆಟ್ ಚಿಪ್ಪಿಗೆ ಬಾಸ್ ಮೀನು ಒಗ್ಗುತ್ತದೆ. ಒಂದೊಂದು ಚಿಪ್ಪಿಗೆ ಒಂದೊಂದು.

ಫೇರ್‌ಪೋರ್ಟ್‌ನವರು ಪ್ರವಾಹ ಇಳಿದಾಗ ಹಳ್ಳಗಳಲ್ಲಿ ಸಿಕ್ಕಿಬಿದ್ದ ಮೀನುಗಳನ್ನು ಬಲೆ ಹಾಕಿ ಎತ್ತಿ, ತೊಟ್ಟಿಯಲ್ಲಿ ಗ್ಲೊಕಿಡಿಯಾದೊಂದಿಗೆ ಬಿಟ್ಟು, ಕಿವಿರಿಗೆ ಸಾಕಷ್ಟು ಹತ್ತಿದವು ಎಂದಾಗ ನದಿಗೆ ಬಿಡುತ್ತಿದ್ದರು. ಹೊತ್ತು ಮೀರಿದರೆ ಕಿವಿರು ತುಂಬಿ ಮೀನೇ ಸಾಯುತ್ತದೆ. ಈ ಹದ ಅವರಿಗೆ ಚೆನ್ನಾಗಿ ಸಿಕ್ಕಿತ್ತು. ಕೋಟ್ಯಂತರ ಮರಿಗಳನ್ನು ಹೀಗೆ ನದಿಗೆ ಸೇರಿಸಿದರು. ಆದರೆ ಉದುರಿದ ಮರಿ ಬೀಳುವುದು ಎಲ್ಲಿಗೆ? ಹೊಲಗಳಿಂದ ಕೊಚ್ಚಿ ಬಂದ ಮಣ್ಣು, ಪಟ್ಟಣಗಳ ಚರಂಡಿ ನೀರು ಸೇರಿ ಜಲ್ಲಿಯ ತಳ ಕೆಸರಾಗುತ್ತಿತ್ತು. ಕೆಸರಿನಲ್ಲಿ ಮರಿ ಉಸಿರುಗಟ್ಟುತ್ತದೆ. ಉಳಿದರೂ ಗುಂಡಿಯ ಗಾತ್ರಕ್ಕೆ ಬರಲು ವರ್ಷಗಟ್ಟಲೆ ಬೇಕು. ಕೊಕ್ಕೆ ಅಷ್ಟು ಕಾಯುವುದಿಲ್ಲ.

1913ರಲ್ಲಿ ಕೆಳಗಿನ ಕಿಯೋಕಕ್‌ನಲ್ಲಿ ನದಿಗೆ ಅಡ್ಡಲಾಗಿ ಜಲವಿದ್ಯುತ್ ಅಣೆಕಟ್ಟು ಪೂರ್ಣಗೊಂಡಿತು. ಎಬೊನಿ ಚಿಪ್ಪಿನ ಮರಿಗೆ ಒಗ್ಗುವುದು ಸ್ಕಿಪ್‌ಜಾಕ್ ಹೆರಿಂಗ್ ಎಂಬ ವಲಸೆ ಮೀನು ಎಂದು ಅದೇ ದಶಕದಲ್ಲಿ ಸಂಶೋಧಕರು ಪತ್ತೆಮಾಡಿದರು. ಅದು ಪ್ರತಿ ವರ್ಷ ಕೆಳಗಿನಿಂದ ಏರಿ ಬರಬೇಕಾದ ಮೀನು, ಅಣೆಕಟ್ಟು ದಾಟಲಾಗಲಿಲ್ಲ. ಎಬೊನಿ ಕೂಡಲೇ ಮಾಯವಾಗಲಿಲ್ಲ. ದೀರ್ಘಾಯುಷಿ ಜೀವಿಯಾದ್ದರಿಂದ ಮುದಿ ಚಿಪ್ಪುಗಳು ದಶಕಗಳ ಕಾಲ ಉಳಿದವು, ಮರಿಗಳು ಮಾತ್ರ ಬರಲಿಲ್ಲ. ಹಿಡಿಯುವುದನ್ನು ಪೂರ್ತಿ ನಿಲ್ಲಿಸಿದ್ದರೂ ಕಿಯೋಕಕ್‌ನ ಮೇಲಿನ ಭಾಗದಲ್ಲಿ ಎಬೊನಿ ಮರಳುತ್ತಿರಲಿಲ್ಲ. ಈ ಅಂಶವನ್ನು ಗುಂಡಿಯ ಇತಿಹಾಸ ಹೇಳುವವರು ಬಹಳ ಸಲ ಬಿಟ್ಟುಬಿಡುತ್ತಾರೆ. 1930ರ ದಶಕದಲ್ಲಿ ಹಡಗುಗಳಿಗೆ ಒಂಬತ್ತು ಅಡಿ ಆಳ ಕಾಯಲು ಸಾಲು ಸಾಲು ಕಟ್ಟೆಗಳು ಬಂದವು, ಮಸ್ಕಟೀನ್‌ನಲ್ಲೇ 16ನೇ ಸಂಖ್ಯೆಯದು 1937ರಲ್ಲಿ. ನೀರು ನಿಧಾನವಾಯಿತು, ಹೂಳು ಇನ್ನಷ್ಟು ಕೂತಿತು.

ಪ್ಲಾಸ್ಟಿಕ್ ಬಂದಿದ್ದು ಇದರ ಮೇಲೆ. ಬಟ್ಟೆ ಒಗೆಯುವ ಯಂತ್ರದ ಬಿಸಿನೀರು, ಡಿಟರ್ಜೆಂಟ್‌ಗಳಿಗೆ ಚಿಪ್ಪಿನ ಗುಂಡಿ ಹೊಳಪು ಕಳೆದು ಬಿರುಕು ಬಿಡುತ್ತಿತ್ತು. ಜಿಪ್ ಬೇರೆ ಬಂತು. 1960ರ ದಶಕದಲ್ಲಿ ಮಸ್ಕಟೀನ್‌ನಲ್ಲಿ ಚಿಪ್ಪು ಕೊರೆಯುವುದು ನಿಂತಿತು, ಕೆಲವು ಕಂಪನಿಗಳು ಪ್ಲಾಸ್ಟಿಕ್ ಗುಂಡಿಗೆ ಹೊರಳಿ ಬದುಕಿದವು. ಊರು ಮಾತ್ರ ಮುಳುಗಲಿಲ್ಲ. 1893ರಲ್ಲೇ ಬಂದಿದ್ದ ಹೈಂಜ್ ಆಹಾರ ಕಾರ್ಖಾನೆ, 1940ರ ದಶಕದಲ್ಲಿ ಶುರುವಾದ ಮೆಕ್ಕೆಜೋಳ ಸಂಸ್ಕರಣೆ ಮತ್ತು ಕಚೇರಿ ಪೀಠೋಪಕರಣ ಉದ್ಯಮಗಳು ಕೆಲಸ ಕೊಟ್ಟವು.

ಚಿಪ್ಪಿನ ಕಷ್ಟ ಗುಂಡಿಯೊಂದಿಗೆ ಮುಗಿಯಲಿಲ್ಲ. ಜಪಾನಿನ ಮುತ್ತು ಕೃಷಿಗೆ ಸಿಂಪಿಯೊಳಗೆ ಇಡುವ ಮಣಿಗಳನ್ನು ಇದೇ ಅಮೆರಿಕನ್ ಚಿಪ್ಪಿನಿಂದ ಕಡೆಯುವುದರಿಂದ, 1950ರ ದಶಕದಿಂದ ರಫ್ತಿಗಾಗಿ ಮತ್ತೆ ಹಿಡಿಯತೊಡಗಿದರು. 1990ರ ದಶಕದ ಆರಂಭದಲ್ಲಿ ಹಡಗುಗಳಿಗಂಟಿ ಬಂದ ಯುರೋಪಿನ ಜೀಬ್ರಾ ಚಿಪ್ಪು ಸ್ಥಳೀಯ ಚಿಪ್ಪುಗಳ ಮೈಮೇಲೇ ಗುಂಪಾಗಿ ಕೂತು ಅವುಗಳ ಬಾಯಿ ತೆರೆಯಲು ಬಿಡದಂತೆ ಮಾಡಿತು. ಹಿಗಿನ್ಸ್ ಐ ಎಂಬ ಜಾತಿ 1976ರಿಂದಲೇ ಅಳಿವಿನಂಚಿನ ಪಟ್ಟಿಯಲ್ಲಿದೆ.

ಫೇರ್‌ಪೋರ್ಟ್ ಈಗ ಅಯೋವಾ ರಾಜ್ಯದ ಮೀನುಮರಿ ಕೇಂದ್ರ. ಚಿಪ್ಪು ಬೆಳೆಸುವ ಕೆಲಸ ವಿಸ್ಕಾನ್ಸಿನ್‌ನ ಜಿನೋವಾ ಕೇಂದ್ರದಲ್ಲಿ ನಡೆಯುತ್ತಿದೆ. ತೊಟ್ಟಿಯಲ್ಲಿ ಮೀನಿಗೆ ಗ್ಲೊಕಿಡಿಯಾ ಹತ್ತಿಸುವ ನೂರು ವರ್ಷ ಹಳೆಯ ಕ್ರಮದಲ್ಲಿ ದೊಡ್ಡ ಬದಲಾವಣೆಯಿಲ್ಲ. ಬದಲಾಗಿದ್ದು ಅದರ ನಂತರದ್ದು: ಮೀನನ್ನು ನದಿಗೆ ಬಿಟ್ಟು ಕೈತೊಳೆದುಕೊಳ್ಳದೆ ಪಂಜರದಲ್ಲಿಟ್ಟು ಮುಳುಗಿಸುತ್ತಾರೆ, ಮರಿಗಳು ಪಂಜರದ ತಳಕ್ಕೇ ಉದುರುತ್ತವೆ, ಮೀನನ್ನು ಆಮೇಲೆ ಹೊರಬಿಡುತ್ತಾರೆ. ಬೆಳೆದ ಚಿಪ್ಪುಗಳನ್ನು ಎತ್ತಿ ಎಣಿಸಿ, ಮೈಗಂಟಿದ ಜೀಬ್ರಾ ಚಿಪ್ಪುಗಳನ್ನು ಕೈಯಲ್ಲೇ ಕೆರೆದು ತೆಗೆದು, ಜಲ್ಲಿ ತಳವಿರುವ ಜಾಗ ನೋಡಿ ನದಿಗೆ ಬಿಡುತ್ತಾರೆ.