1,063 ಹುಳುಗಳು ಮತ್ತು ಕೊರಿಯಾದ ಶಾಲಾಮಕ್ಕಳು

1963ರ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾದ ಜೊಂಜು ನಗರದ ಮಿಷನ್ ಆಸ್ಪತ್ರೆಗೆ ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಕರೆತಂದರು. ಕರುಳು ಕಟ್ಟಿಕೊಂಡಿತ್ತು. ಶಸ್ತ್ರಚಿಕಿತ್ಸೆ ಮಾಡಿ ಹೊರತೆಗೆದ ದುಂಡುಹುಳುಗಳನ್ನು ಎಣಿಸಿದರೆ 1,063! ಮಗು ಉಳಿಯಲಿಲ್ಲ.

ಹೊಟ್ಟೆಯಲ್ಲಿ ಹುಳುವಿರುವುದು ಆಗ ಅಲ್ಲಿ ಸುದ್ದಿಯೇ ಅಲ್ಲ. ಹೊಲಗಳಿಗೆ ಮನುಷ್ಯರ ಮಲವೇ ಗೊಬ್ಬರ, ಅದೇ ಹೊಲದ ಎಲೆಕೋಸು ಊಟಕ್ಕೆ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು ಎರಡು ಲಕ್ಷ ಮೊಟ್ಟೆ ಇಡುತ್ತದೆ. ದಪ್ಪ ಚಿಪ್ಪಿನ ಆ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು. ಅವು ಬಾಯಿಗೆ ಹೋದರೆ ಕರುಳಿನಲ್ಲಿ ಒಡೆದು ಮರಿಗಳು ಹೊರಬರುತ್ತವೆ, ರಕ್ತದ ಜೊತೆ ಶ್ವಾಸಕೋಶ ಸೇರುತ್ತವೆ, ಅಲ್ಲಿಂದ ಗಂಟಲಿಗೆ ಏರಿ ಮತ್ತೆ ನುಂಗಲ್ಪಟ್ಟು ಕರುಳಿನಲ್ಲಿ ನೆಲೆಯಾಗುತ್ತವೆ.

ಹುಡುಗಿಯ ಸಾವು ದೇಶವನ್ನು ನಾಚಿಸಿತು. 1964ರಲ್ಲಿ ಪರಾವಲಂಬಿ ನಿರ್ಮೂಲನಾ ಸಂಘ, 1966ರಲ್ಲಿ ಕಾನೂನು, 1969ರಿಂದ ಶಾಲಾಮಕ್ಕಳಿಗೆ ವರ್ಷಕ್ಕೆರಡು ಬಾರಿ ಮಲ ಪರೀಕ್ಷೆ. ದಾರಿ ತೋರಿಸಿದ್ದು ಜಪಾನ್: ಮಲವನ್ನು ಸೆಲ್ಲೋಫೇನ್ ತುಣುಕಿನಡಿ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವ ಅಗ್ಗದ ವಿಧಾನ ಅಲ್ಲಿಂದ ಬಂದದ್ದು. ಮಕ್ಕಳು ಪುಟ್ಟ ಲಕೋಟೆಯಲ್ಲಿ ತಮ್ಮ ಮಲವನ್ನು ಶಾಲೆಗೆ ತರಬೇಕಿತ್ತು. ಮರೆತವರು ಗೆಳೆಯನದನ್ನೋ ನಾಯಿಯದನ್ನೋ ತುಂಬಿಕೊಂಡು ಬಂದ ಕಥೆಗಳನ್ನು ಆ ಪೀಳಿಗೆಯವರು ಇಂದಿಗೂ ಹೇಳಿ ನಗುತ್ತಾರೆ. ಮಲದಲ್ಲಿ ಹುಳುವಿನ ಮೊಟ್ಟೆ ಕಂಡುಬಂದವರಿಗೆ ಮಾತ್ರ ಔಷಧ.

1971ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ 84.3ರಷ್ಟು ಜನರಲ್ಲಿ ಒಂದಲ್ಲ ಒಂದು ಹುಳುವಿತ್ತು. ದುಂಡುಹುಳುವೊಂದೇ ಶೇ 54.9. 1997ಕ್ಕೆ ದುಂಡುಹುಳುವಿನ ಪಾಲು ಶೇ 0.06. ಇಷ್ಟನ್ನೂ ಮಾತ್ರೆಯ ಖಾತೆಗೆ ಬರೆಯುವುದು ಸರಿಯಲ್ಲ ಎಂಬುದು ನನ್ನ ಅನಿಸಿಕೆ. ಅದೇ ಅವಧಿಯಲ್ಲಿ ರಾಸಾಯನಿಕ ಗೊಬ್ಬರ ಬಂದು ಹೊಲಕ್ಕೆ ಮಲ ಸುರಿಯುವುದು ನಿಂತಿತ್ತು, ಶೌಚಾಲಯಗಳೂ ಸುಧಾರಿಸಿದ್ದವು.

ಭಾರತ ಹಿಡಿದ ದಾರಿ ಬೇರೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರ ಫೆಬ್ರುವರಿಯಲ್ಲಿ ಶುರುವಾಯಿತು. 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಹುಳು ಕೊಲ್ಲುವ ಅಲ್ಬೆಂಡಜೋಲ್ ಮಾತ್ರೆ, ಎರಡು ವರ್ಷದೊಳಗಿನವರಿಗೆ ಅರ್ಧ. ಇಲ್ಲಿ ಯಾವ ಮಗುವಿನ ಮಲವನ್ನೂ ಪರೀಕ್ಷಿಸುವುದಿಲ್ಲ. ಮಾತ್ರೆ ಅಗ್ಗ, ಪರೀಕ್ಷೆ ದುಬಾರಿ. ಈ ಲೆಕ್ಕಾಚಾರ ತಪ್ಪಲ್ಲ. ಆದರೆ ಮಾತ್ರೆ ಮಣ್ಣಿನಲ್ಲಿರುವ ಮೊಟ್ಟೆಯನ್ನು ಮುಟ್ಟುವುದಿಲ್ಲವಾದ್ದರಿಂದ ಕೆಲವೇ ತಿಂಗಳಲ್ಲಿ ಹುಳು ಮರಳಬಹುದು. ಎಲ್ಲಿ ಸೋಂಕು ಇಳಿದಿದೆ, ಎಲ್ಲಿ ಮಾತ್ರೆ ಕಡಿಮೆ ಮಾಡಬಹುದು ಎಂದು ತಿಳಿಯಲು ಕೊನೆಗೆ ಮಾದರಿ ಸಮೀಕ್ಷೆಗಾದರೂ ಸೂಕ್ಷ್ಮದರ್ಶಕ ಬೇಕೇ ಬೇಕು.