ರೋಲ್ ಕೇಜ್ ಒಳಗಿರಬೇಕೋ, ಹೊರಗಿರಬೇಕೋ?

ಪ್ರಶ್ನೆ: ಕಾರ್ಕಳದ ಬಳಿ ನಮಗೆ ರಬ್ಬರ್ ತೋಟವಿದೆ. ಹಳೆಯ ಜೀಪಿನಲ್ಲಿ ಗುಡ್ಡದ ದಾರಿ ಹತ್ತಿಳಿಯುತ್ತೇನೆ, ಆಗೀಗ ಆಫ್‌ರೋಡ್ ಸ್ಪರ್ಧೆಗೂ ಹೋಗುತ್ತೇನೆ. ಗಾಡಿ ಮಗುಚಿದಾಗ ಕುಳಿತವರನ್ನು ಕಾಯುವ ಉಕ್ಕಿನ ಕೊಳವೆಗಳ ಪಂಜರವನ್ನು, ಅಂದರೆ ರೋಲ್ ಕೇಜನ್ನು, ಒಳಗೆ ಕೂರಿಸುವುದು ಒಳ್ಳೆಯದೋ, ಹೊರಗೋ?

ಉತ್ತರ: ಜೀಪು ಮಗುಚಿದಾಗ ಮೊದಲು ಉಳಿಯಬೇಕಾದದ್ದು ತಲೆಯೋ ತಗಡೋ ಎಂದು ನಿರ್ಧರಿಸಿದರೆ ಅರ್ಧ ಉತ್ತರ ಸಿಕ್ಕಂತೆ. ಹೊರಗಿನ ಕೇಜ್ ಬಾಡಿಯ ತಗಡನ್ನೂ ಕಾಯುತ್ತದೆ, ಒಳಗಿನ ಜಾಗವನ್ನೂ ಉಳಿಸುತ್ತದೆ. ಆದರೆ ಗಾಡಿಯ ಅಗಲ ಹೆಚ್ಚಿಸಿ ರಬ್ಬರ್ ಮರಗಳ ಸಾಲಿನ ನಡುವೆ ತೊಡಕಾಗುತ್ತದೆ.

ನಿಜವಾಗಿ ನೋಡಬೇಕಾದದ್ದು ಕೇಜಿನ ಕಾಲು ಎಲ್ಲಿ ನಿಂತಿದೆ ಎಂಬುದನ್ನು. ಜೀಪಿನಲ್ಲಿ ಬಾಡಿಯು ಚಾಸಿಯ (ಕೆಳಗಿನ ಉಕ್ಕಿನ ಚೌಕಟ್ಟಿನ) ಮೇಲೆ ರಬ್ಬರ್ ಬುಷ್‌ಗಳ ಮೂಲಕ ಕುಳಿತಿರುವುದರಿಂದ, ಏರುತಗ್ಗಿನಲ್ಲಿ ಚಾಸಿ ತಿರುಚಿದಂತೆಲ್ಲ ಎರಡರ ನಡುವೆ ಅಲುಗಾಟವಿರುತ್ತದೆ. ಕೇಜ್ ಚಾಸಿಗೆ, ಸೀಟು ಮತ್ತು ಬೆಲ್ಟ್ ಬಾಡಿಗೆ ಎಂದಾದರೆ ಪಲ್ಟಿಯ ಹೊಡೆತಕ್ಕೆ ಕುಳಿತವರು ಒಂದು ಕಡೆ, ಕಾಯುವ ಕಂಬ ಇನ್ನೊಂದು ಕಡೆ ಸರಿಯಬಹುದು. ಎರಡಕ್ಕೂ ಬಿಗಿದರೆ ವೆಲ್ಡಿಂಗ್ ಬಿರುಕು ಬಿಡುವ ಭಯ. ಆದ್ದರಿಂದ ಮೂರೂ ಒಂದೇ ಆಧಾರದ ಮೇಲಿರಲಿ. ನಿಮ್ಮ ಬಳಕೆಗೆ, ಬಾಡಿ ಮೌಂಟುಗಳ (ಆ ಬುಷ್‌ಗಳಿರುವ ಜಾಗಗಳ) ನೇರಕ್ಕೆ ಕಾಲೂರಿದ ಒಳಗಿನ ಕೇಜೇ ಸರಿ ಎಂಬುದು ನನ್ನ ಅಭಿಪ್ರಾಯ.

ಕೊಳವೆಯಲ್ಲಿ ಮಾತ್ರ ರಾಜಿ ಬೇಡ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎಯ ನಿಯಮದಂತೆ, ಮುಂದಿನ ಸೀಟುಗಳ ಹಿಂದೆ ನಿಲ್ಲುವ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸದ, 2.5 ಮಿ.ಮೀ. ದಪ್ಪದ ಅಥವಾ 50 ಮಿ.ಮೀ. ವ್ಯಾಸದ, 2 ಮಿ.ಮೀ. ದಪ್ಪದ ಸೀಮ್‌ಲೆಸ್ (ಉದ್ದಕ್ಕೂ ಬೆಸುಗೆಯಿಲ್ಲದ) ಉಕ್ಕು ಬೇಕು. ಈ ಕಮಾನಿನ ಪ್ರತಿ ಕಾಲಿನ ಕೆಳಗೆ ಬಾಡಿಗೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತಾರದ ಬಲವರ್ಧಕ ಪಟ್ಟಿ ಇರಬೇಕು. ಮಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ನಾನು ಕಂಡ ಕೇಜು ಪಂಪ್‌ಸೆಟ್ಟಿಗೆ ಹಾಕುವ ಜಿಐ ಪೈಪಿನದಾಗಿತ್ತು. ಬಾಗಿನ ಒಳಮೈಯಲ್ಲಿ ಸೀರೆಯ ನೆರಿಗೆಯಂತೆ ಸುಕ್ಕು, ಹೊರಮೈ ಚಪ್ಪಟೆ. ಮಗುಚಿದರೆ ಅದು ಮಡಚಿಕೊಳ್ಳುವುದು ಅಲ್ಲಿಯೇ. ಮೇಲೆ ಬಳಿದ ಕಪ್ಪು ಪೇಂಟ್ ಮಾತ್ರ ಬಲು ಚೆನ್ನಾಗಿತ್ತು!

ಒಳಗಿನ ಕೇಜಿನ ದೊಡ್ಡ ದೋಷವೂ ತಲೆಯದೇ. ಸೀಟಿನಲ್ಲಿ ಕುಳಿತು, ಬೆಲ್ಟ್ ಬಿಗಿದು, ಕತ್ತನ್ನು ಬದಿಗೆ ವಾಲಿಸಿ ನೋಡಿ: ಕಿವಿಯ ಮೇಲ್ಭಾಗ ಕೊಳವೆಗೆ ತಾಗುವುದಾದರೆ ಸ್ಪರ್ಧೆಯಲ್ಲಿ ಹೆಲ್ಮೆಟ್ ಕಾಪಾಡಬಹುದು, ಬರಿದಲೆಯಲ್ಲಿ ಮಂಗಳೂರಿನ ನಂತೂರು ಜಂಕ್ಷನ್‌ನಲ್ಲಿ ಯಾರಾದರೂ ಬದಿಯಿಂದ ಗುದ್ದಿದರೆ ಅದೇ ಕೊಳವೆ ತಲೆಬುರುಡೆ ಒಡೆಯಬಹುದು. ತಾಗುವಲ್ಲೆಲ್ಲ ಗಟ್ಟಿ ಪ್ಯಾಡಿಂಗ್ ಹಾಕಿಸಿ. ಮೆತ್ತನೆಯ ಸ್ಪಂಜು ಸಾಲದು.

ಕಾನೂನಿನ ಮಾತೂ ಇದೆ. ಒಪ್ಪಿಗೆಯಿಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 182ಎ(4) ಕಲಮಿನಡಿ ಪ್ರತಿಯೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡೂ ಆಗಬಹುದಾದ್ದರಿಂದ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.

ಕಡಲ ಗಾಳಿ, ನಾಲ್ಕು ತಿಂಗಳ ಮಳೆ ಇರುವ ಊರಿನಲ್ಲಿ ಕೇಜ್ ಸಾಯುವುದು ಬುಡದಿಂದ. ದೀಪಾವಳಿಯ ಹೊತ್ತಿಗೆ ಮ್ಯಾಟ್ ಎತ್ತಿ ನೋಡಿ. ವೆಲ್ಡಿಂಗ್ ಸುತ್ತ ಪೇಂಟ್ ಉಬ್ಬಿದ್ದರೆ ಉಗುರಿನಿಂದ ಕೆರೆದು, ಕೆಳಗೆ ಉಕ್ಕು ಉಳಿದಿದೆಯೋ ಕಂದು ಪುಡಿಯೋ ಎಂದು ಖಚಿತಪಡಿಸಿಕೊಳ್ಳಿ.